ಹಲ್ಲಿನ ಹುಳ ತೆಗೆಯುವಾಕೆ

ಮೊನ್ನೆ ಫೋನಿನಲ್ಲಿ ವೈರಸ್ ಇದೆ, ಒತ್ತಿದರೆ ತೆಗೆಯುತ್ತೇವೆ ಎಂದು ಬಂತು. ಒತ್ತಿದೆ. ಯಾವುದೋ ಆ್ಯಪ್ ಬಂದು ಕೂತಿತು. ಆಮೇಲೆ ಬರೀ ಜಾಹೀರಾತು. "ವೈರಸ್ ಮೊದಲ ಇರಲಿಲ್ಲಜ್ಜಿ, ನೀ ಒತ್ತಿದ ಮ್ಯಾಲೆ ಬಂತು," ಎನ್ನುತ್ತ ಮೊಮ್ಮಗಳು ಆ ಆ್ಯಪನ್ನು ಕಿತ್ತುಹಾಕುವಾಗ, ನಮ್ಮೂರು ಅಗರಖೇಡದ ಒಂದು ಮಧ್ಯಾಹ್ನ ನೆನಪಾಯಿತು.

ನನಗಾಗ ಏಳು ವರ್ಷ. ದವಡೆ ಊದಿ ಅಳುತ್ತಿದ್ದೆ. ಹಲ್ಲಿನ ಹುಳ ತೆಗೆಯುತ್ತೇನೆಂದು ಯಾವಳೋ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಪಕ್ಕದ ಮನೆಯಾಕೆಯ ಬಾಯಿಂದ ಐದು ಬಿಳಿ ಹುಳ ತೆಗೆದಿದ್ದಳಂತೆ. ನಾನು ಆಗಲೇ ಬಾಯಿ ತೆರೆದಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ತಂಬಿಗೆ ಹಿಡಿದು ಹೊರಗೆ ಬಂದಳು.

"ಮೊದಲ ಕೈ ತೊಳಕೊ."

"ಸ್ವಚ್ಛ ಅದಾವ್ರಿ ಅಕ್ಕಾರ."

"ಬೆರಳ ಸಂದಿನೂ ತೊಳಿ."

ತೊಳೆದಳು. ನೀರಿನ ಜೊತೆ ನಾಲ್ಕು ಹುಳ ಕಲ್ಲಿನ ಮೇಲೆ ಬಿದ್ದು ತೆವಳಿದವು.

"ನನ್ನ ಮಗಳು ಬಾಯಿ ಮುಚ್ಚಲಿ ಏನು?" ಎಂದಳು ಅವ್ವ. ಹಸಿದವಳೆಂದು ಆಕೆಗೆ ಎರಡು ಬಿಸಿ ರೊಟ್ಟಿ ಕೊಟ್ಟು ಕಳಿಸಿದಳು. ನನ್ನ ಹಲ್ಲಿಗೆ ಲವಂಗ ಇಟ್ಟಳು.

ಇದನ್ನು ಮೊಮ್ಮಗಳಿಗೆ ಹೇಳಿದೆ.

"ಇಷ್ಟು ಗೊತ್ತಿದ್ದೂ ಯಾಕ ಒತ್ತಿದಿ?" ಎಂದಳು.

ಫೋನಿನೊಳಗೆ ಬಂದವಳ ಕೈ ನನಗೆ ಕಾಣಲಿಲ್ಲ, ತೊಳೆಸುವುದಕ್ಕೆ.