ಬಣ್ಣದ ಹಾಳೆ

ತೀರಿಕೊಂಡ ಹೆಂಡತಿ ಮಗಳ ಮನೆಯ ಟಿವಿಯಲ್ಲಿ ಕೆಂಪು ಸೀರೆಯುಟ್ಟು ಹಾಡತೊಡಗಿದಾಗ, ಗ್ರೆಗರಿ ಎತ್ತಿದ ಚಹಾದ ಕಪ್ಪು ಬಾಯಿಗೆ ತಲುಪಲಿಲ್ಲ.

"ಮಮ್ಮಿನೇ ಪಪ್ಪಾ. ದೂರದರ್ಶನದ ಹಳೇ ರೆಕಾರ್ಡಿಂಗ್, ಯಾರೋ ಯೂಟ್ಯೂಬಿಗೆ ಹಾಕಿದ್ದಾರೆ," ಎಂದಳು ಶೆರಿನ್. ವಿದೇಶದ ಸ್ವೋರ್ಡ್ಸ್ ಎಂಬ ಊರಿನ ಆ ಮನೆಯ ಮೇಲಿಂದ ವಿಮಾನವೊಂದು ಇಳಿಯುತ್ತಿತ್ತು. ಅವಳು ವಾಲ್ಯೂಮ್ ಹೆಚ್ಚಿಸಿದಳು.

ದೂರದರ್ಶನಕ್ಕೆ ಬಣ್ಣ ಬಂದ ಹೊಸತರಲ್ಲಿ ಫ್ಲೋರಿನ್ ಕ್ರಿಸ್ಮಸ್ ಹಾಡು ಹಾಡಲು ದೆಹಲಿಗೆ ಹೋಗಿದ್ದಳು. ಬೆಂಗಳೂರಿನ ಮನೆಯಲ್ಲಿದ್ದುದು ಕಪ್ಪು-ಬಿಳುಪು ಟಿವಿ. ಚಿತ್ರ ಬಣ್ಣದಲ್ಲಿ ಕಾಣಲೆಂದು ಗ್ರೆಗರಿ ಅದರ ಮುಂದೆ ಎಲ್ಲರಂತೆ ಬಣ್ಣದ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದ್ದ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ದೆಹಲಿಯಿಂದ ಬಂದವಳು ಚೀಲ ಇಳಿಸುವ ಮೊದಲೇ, "ನನ್ನ ಸೀರೆ ನೋಡಿದ್ರಾ?" ಎಂದು ಕೇಳಿದ್ದಳು. ಪೇಪರಿನಿಂದ ತಲೆಯೆತ್ತದೆ ಅವನು, "ನೋಡಿದೆ. ಹಸಿರು ನಿಂಗೆ ಒಪ್ತದೆ," ಎಂದಿದ್ದ. ಫ್ಲೋರಿನ್ ತಿದ್ದಲಿಲ್ಲ. ಒಳಗೆ ಹೋದವಳು ಸೀರೆಯಿಟ್ಟು ಪೆಟ್ಟಿಗೆ ಮುಚ್ಚಿದ ಸದ್ದು ಮಾತ್ರ ಕೇಳಿಸಿತ್ತು.

ಈಗ ಪರದೆಯ ಮೇಲಿದ್ದುದು ಸಾಡೊ. ಮದುವೆಯ ದಿನ ಅವನ ಮನೆಯವರೇ ಅವಳಿಗೆ ಉಡಿಸಿದ್ದ ಕೆಂಪು ಸೀರೆ.

"ಎಷ್ಟು ಚೆಂದ ಉಂಟು," ಎಂದಳು ಶೆರಿನ್. "ಮಮ್ಮಿ ಇದನ್ನ ಉಟ್ಟದ್ದು ನಾನು ನೋಡ್ಲೇ ಇಲ್ಲ."

ಗ್ರೆಗರಿ ಕಪ್ಪನ್ನು ಕೆಳಗಿಟ್ಟ.

"ನಾನೂ ಈಗಲೇ ನೋಡಿದ್ದು."