ಸೋಮವಾರದ ನೋವು

"ಇನ್ಮೇಲೆ ಸೋಮವಾರದ ರಜೆ ಕ್ಯಾನ್ಸಲ್!" ಎಂದು ಕೋಚ್ ಘೋಷಿಸಿದ್ದೇ ತಡ, ಹದಿನಾಲ್ಕು ಓಟಗಾರರ ಮುಖ ಒಟ್ಟಿಗೆ ಇಳಿಯಿತು. ಕೋಚ್ ಹಿಂದಿನ ಗೋಡೆಗೆ ಉದ್ದನೆಯ ಗ್ರಾಫ್ ಒಂದನ್ನು ಅಂಟಿಸಲಾಗಿತ್ತು. ಅದರಲ್ಲಿ ಕೆಂಪು ಗೆರೆ ಆರು ದಿನ ನೆಲ ಕಚ್ಚಿ ಮಲಗಿ, ಏಳನೆಯ ದಿನ ಚೇಳು ಕುಟುಕಿದಂತೆ ಮೇಲಕ್ಕೆ ನೆಗೆದಿತ್ತು. ಹೀಗೆ ಆರು ವಾರ, ಆರು ನೆಗೆತ.

ಗ್ರಾಫ್ ಬರೆದವರು ಪಕ್ಕದಲ್ಲೇ ನಿಂತಿದ್ದರು. ಎಳೆಯ ಓಟಗಾರರ ದಣಿವು, ಚೇತರಿಕೆಯ ಬಗ್ಗೆ ಸಂಶೋಧನೆ ಮಾಡಲು ಬಂದ ಅವರಿಗೆ ಮಕ್ಕಳು ಇಟ್ಟ ಹೆಸರು 'ಪ್ರಶ್ನೆ ಮೇಡಂ'. ದಿನಾ ನಾಲ್ಕೇ ಪ್ರಶ್ನೆ: ನಿದ್ದೆ ಎಷ್ಟು ಕೆಟ್ಟಿತು, ದಣಿವೆಷ್ಟು, ನೋವೆಷ್ಟು, ತಲೆಬಿಸಿ ಎಷ್ಟು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಹದಿನಾಲ್ಕು ಜನ ಕಾಲಲ್ಲಿ ಹೊತ್ತು ತಿರುಗುತ್ತಿದ್ದುದನ್ನು ಮೇಡಂ ಕಾಗದದಲ್ಲಿ ಹುಡುಕುತ್ತಿದ್ದರು.

"ನೋಡಿ, ಓಡೋ ಆರು ದಿನ ಮಕ್ಕಳು ಹೂವಿನ ಹಾಗಿದ್ದಾರೆ. ರಜೆ ಕೊಟ್ಟ ದಿನವೇ ಮೈಕೈ ನೋವು, ನಿದ್ದೆಯಿಲ್ಲ, ಬೇಜಾರು. ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲ!" ಎಂದರು ಮೇಡಂ. ಪುಸ್ತಕದಲ್ಲಿ ಇಲ್ಲದ್ದು ಕಂಡರೆ ಓದಿದವರಿಗೆ ಅನುಮಾನ ಬರಬೇಕು. ಇವರಿಗೆ ಖುಷಿ ಬಂದಿತ್ತು.

"ನಾನು ಬಡ್ಕೋತಾನೇ ಇದ್ದೆ," ಕೋಚ್ ಹೊಟ್ಟೆ ನೀವಿಕೊಂಡರು. ಹತ್ತು ವರ್ಷಗಳಿಂದ ಅವರು ಓಡಿದ್ದು ಬಸ್ಸಿನ ಹಿಂದೆ ಮಾತ್ರ. "ಸುಮ್ನೆ ಕೂತ್ರೆ ಮೈಗೆ ತುಕ್ಕು ಹಿಡಿಯತ್ತೆ. ಸೋಮವಾರ ಬೆಳಿಗ್ಗೆ ಐದಕ್ಕೆ ಎಲ್ಲರೂ ಇಲ್ಲಿರ್ಬೇಕು. ನಾನೂ ಬರ್ತೀನಿ. ಈಗ ಹೋಗಿ!"

ಎಲ್ಲರೂ ಹೊರಟರು. ಎಲ್ಲರೂ 'ಮಿಡತೆ' ಎಂದು ಕರೆಯುವ ಹುಡುಗಿ ಮಾತ್ರ ಉಳಿದಳು. ಹದಿನೇಳು ವರ್ಷದ ಈ ಸಣಕಲಿ ರಿಲೇ ತಂಡದಲ್ಲಿ ಕೊನೆಯ ಸುತ್ತು ಓಡುವವಳು. ಎಡಗಾಲಲ್ಲಿ ಮಂಡಿಯ ಕೆಳಗಿನ ಮೂಳೆ ಒಂದೂವರೆ ತಿಂಗಳಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ನೋಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ವಾರಕ್ಕೊಂದು ದಿನ ಬೆಳಿಗ್ಗೆ ಕಾಲನ್ನು ದಿಂಬಿನ ಮೇಲಿಟ್ಟು, ಅಮ್ಮನ ಬೈಗುಳ ಕೇಳಿಕೊಂಡು ಬಿದ್ದಿದ್ದರೆ ಉಳಿದ ಆರು ದಿನ ಹೇಗೋ ಓಡಬಹುದಿತ್ತು. ರಜೆ ಹೋದರೆ ಕಾಲು ಹೋಗುತ್ತದೆ. ಕಾಲಿನ ವಿಷಯ ಬಾಯಿ ಬಿಟ್ಟರೆ ತಂಡದ ಜಾಗ ಹೋಗುತ್ತದೆ. ರಿಲೇ ಪಟ್ಟಿ ಹಾಕುವುದು ಶನಿವಾರ.

"ಮೇಡಂ, ಆ ಗೆರೆ ಸುಳ್ಳು," ಎಂದಳು.

"ಹೇಗಮ್ಮಾ? ನೀವೇ ಹಾಕಿದ ಅಂಕ ಅಲ್ವಾ?"

"ಹೌದು. ಆರು ದಿನ ನಾವು ಹಾಳೆ ಯಾರ ಕೈಗೆ ಕೊಡ್ತೀವಿ?"

"ಕೋಚ್ ಸರ್ ಕೈಗೆ. ಅವರು ನೋಡಿ, ಜೋಡಿಸಿ ನಂಗೆ ಕೊಡ್ತಾರೆ."

"ಸೋಮವಾರ?"

"ಸೋಮವಾರ ಸರ್‌ಗೂ ರಜೆ. ಕಾಲೇಜಿಗೆ ಹೋಗೋವಾಗ ಗೇಟಿನ ಡಬ್ಬಿಗೆ ಹಾಕಿ ಹೋಗ್ತೀರಿ. ಅದರ ಬೀಗದ ಕೈ ನನ್ನ ಹತ್ರಾನೇ..." ಮೇಡಂ ಮಾತು ಅಲ್ಲೇ ನಿಂತಿತು.

ಕೋಚ್ ಮುಖ ಕೆಂಪಾಯಿತು. "ಅಂದ್ರೆ? ನಾನೇನು ಹುಲೀನಾ, ಕರಡೀನಾ? ನನ್ನ ಮುಂದೆ ನಿಜ ಬರೆಯೋಕೆ ಏನು ಕಷ್ಟ?"

"ಬುಲೆಟ್ ಅಕ್ಕ ಬರೆದ್ಲಲ್ಲ ಸರ್, ಮೊದಲನೇ ದಿನವೇ. ನೋವು ಏಳು ಅಂತ. ಅವತ್ತೇ ನೀವು ಅವಳನ್ನ ತಂಡದಿಂದ ತೆಗೆದ್ರಿ, ಈಗ ನೀರಿನ ಬಾಟ್ಲಿ ಹೊರ್ತಿದಾಳೆ."

"ಅದು ಅವಳ ಒಳ್ಳೇದಕ್ಕೇ ಕಣೇ!"

"ಹೌದು ಸರ್. ಅದನ್ನ ನೋಡಿ ನಮಗೆಲ್ಲ ಮಾರನೇ ದಿನವೇ ನೋವು ವಾಸಿಯಾಯ್ತು."

ಕಿಟಕಿಯಾಚೆ ಯಾರೋ ಕಿಸಕ್ಕನೆ ನಕ್ಕರು. ಕೋಚ್ ತಿರುಗಿದರೆ ಹದಿಮೂರು ತಲೆಗಳು ಒಂದೇ ಸಲಕ್ಕೆ ಮಾಯ. ಟ್ರ್ಯಾಕಿನಲ್ಲಿ ಅವರು ಇಷ್ಟು ಚುರುಕಾಗಿ ಎಂದೂ ಹೊರಟಿರಲಿಲ್ಲ.

ಮೇಡಂ ಗೋಡೆಯ ಗ್ರಾಫ್ ಕಿತ್ತು ಸುರುಳಿ ಸುತ್ತಿದರು. ಚೀಲದಿಂದ ಸೋಮವಾರದ ಹಾಳೆಗಳ ಕಟ್ಟು ತೆಗೆದರು. ಕೋಚ್ ಕೈ ಚಾಚಿದಾಗ ಕೊಡಲಿಲ್ಲ. "ಹೆಸರು ತೋರಿಸಲ್ಲ ಸರ್. ಆರು ದಿನಾನೂ ತೋರಿಸಬಾರದಿತ್ತು. ತಪ್ಪು ನಂದು," ಎಂದು ಮೇಲ್ತುದಿ ಮಡಚಿ, ನೋವಿನ ಅಂಕಗಳನ್ನಷ್ಟೇ ಒಂದೊಂದಾಗಿ ಮುಂದೆ ಹಿಡಿದರು. ಆರು. ಎಂಟು. ಏಳು. ಎಂಟು. ಒಂದರಲ್ಲಿ ಹತ್ತು ಬರೆದು, ಹೊಡೆದು ಹಾಕಿ, ಮತ್ತೆ ಹತ್ತೇ ಬರೆದಿತ್ತು.

ಕೋಚ್ ಕುರ್ಚಿಯಲ್ಲಿ ಕುಸಿದರು. "ಇಷ್ಟನ್ನೂ ಇಟ್ಕೊಂಡು ಓಡ್ತಿದ್ರಾ?" ಎಂದು ಯಾರನ್ನೂ ನೋಡದೆ ಕೇಳಿದರು. ಆಮೇಲೆ ಕಿಟಕಿಯತ್ತ ಕೂಗಿದರು: "ಸೋಮವಾರ ರಜೆ ರಜೇನೇ! ಕದ್ದು ಕೇಳ್ತಿರೋರಿಗೆಲ್ಲ ಕೇಳಿಸ್ತಾ?"

ಹೊರಗೆ ಶಿಳ್ಳೆ ಬಿತ್ತು. ಮಿಡತೆ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟಿದ್ದಳು. ಕೋಚ್ ಅವಳ ನಡಿಗೆಯನ್ನೇ ನೋಡಿದರು. ಎದ್ದು ಬಂದು ಎದುರಿಗೆ ನಿಂತಾಗ ಅವರ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

"ನಾನು ಬೈಯಲ್ಲ ಮಗಳೇ. ನಿಜ ಹೇಳು, ಕಾಲು ನೋಯ್ತಿದ್ಯಾ?"

ಮಿಡತೆ ಎಡಗಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ ನೆಟ್ಟಗೆ ನಿಂತಳು.

"ಇವತ್ತು ಗುರುವಾರ ಸರ್," ಎಂದಳು.