ಪಡುಕೋಡಿ ಸಂಘದ ಮಹಾಸಭೆ

ಕಡಲು ನುಂಗಿದ ಪಡುಕೋಡಿಯವರ ಸಂಘದಲ್ಲಿ ಸತ್ತವರಿಗೂ ಮತವಿತ್ತು. ಅವರ ಮುಖ, ಮಾತು, ಮೊಂಡುತನವೆಲ್ಲ ಚಿತ್ರದುರ್ಗದ ಬಾಡಿಗೆ ಕೋಣೆಯ ಕಂಪ್ಯೂಟರ್ ಪರದೆಗಳಲ್ಲಿ ಉಳಿದಿದ್ದವು. ಬದುಕಿದ್ದ ಸದಸ್ಯೆ ಮುದುಕಿ ಗುಲಾಬಿ ಒಬ್ಬಳೇ. ಎಂದಿನಂತೆ ಧೂಳೊರೆಸಿ ಎಲ್ಲರನ್ನೂ ಎಬ್ಬಿಸಿದಳು. ಅವಳಿಂದಲೇ ಬಲೆ ಹೆಣೆಯಲು ಕಲಿತ ಪಕ್ಕದ ಬೀದಿಯ ನಿಶ್ಮಿತಾ ಬಾಗಿಲಲ್ಲಿ ಕಾಯುತ್ತಿದ್ದಳು.

"ಇವ್ಳನ್ನ್ ಸಂಘಕ್ಕೆ ಸೇರ್ಸ್ಕಂಬ," ಎಂದಳು ಗುಲಾಬಿ.

"ಪಡುಕೋಡಿಯಲ್ ಹುಟ್ಟಿದವ್ರಿಗ್ ಮಾತ್ರ," ಎಂದರು ತೀರಿಕೊಂಡ ಅಧ್ಯಕ್ಷ ಸುಬ್ಬ ಖಾರ್ವಿ. ಉಳಿದ ಪರದೆಗಳು ತಲೆದೂಗಿದವು.

ಗುಲಾಬಿಗೆ ಕೂರಲಾಗಲಿಲ್ಲ. ಕೋಣೆಯ ಉದ್ದಕ್ಕೂ ನಡೆದು ಮರಳಿ ಬಂದಳು.

"ಊರೇ ನೀರಡಿ ಹೋಯ್ತಲ್ಲ, ಸುಬ್ಬಣ್ಣ! ಅಲ್ಲಿ ಇನ್ನ್ ಯಾರ್ ಹುಟ್ಟುದ್? ನಾನೂ ಹೋದ್ರೆ ನಿಮ್ಮನ್ನೆಲ್ಲ ಎಬ್ಬಿಸುದ್ ಯಾರ್?"

ಪರದೆಗಳು ಒಂದನ್ನೊಂದು ನೋಡಿಕೊಂಡವು. ಸುಬ್ಬಣ್ಣ ಗಂಟಲು ಸರಿಪಡಿಸಿಕೊಂಡರು.

"ಅದ್ನ ಮುಂದಿನ್ ಸಭೆಯಲ್ ಕಾಂಬ, ಗುಲಾಬಿ. ನಮ್ಗೆಂತ ಅವಸರ?"